ಎಡ ಅಂಚಿನ ಆಚೆ

ಏಪ್ರಿಲ್ ೨

ಅಕ್ಕನಿಗೆ,

ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ವರ್ಷವಾಗುತ್ತ ಬಂತು. ನಿನ್ನ ಆಫೀಸಿನ ಮೇಲ್ ಬೇರೆಯವರೂ ಓದುತ್ತಾರೆಂದು ಹಿಂದೆ ನೀನೇ ಹೇಳಿದ್ದೆ. ಹಾಗಾಗಿ ಕಾಗದ. ಹರಿದು ಹಾಕಬೇಕೆಂದರೂ ಇದನ್ನು ಮೊದಲು ಕೈಗೆ ತೆಗೆದುಕೊಳ್ಳಬೇಕು.

ನಿನಗೆ ಸಂಬಳ ಕೊಡುವ ಕಂಪನಿ ನಮ್ಮ ಕಟ್ಟಡವನ್ನು ಕೊಂಡಿತಲ್ಲ, ಈಗ ಅದನ್ನು ಕೆಡವಬೇಕಂತೆ. ಬಾಡಿಗೆಯವರೆಲ್ಲ ರೈಲು ಹಳಿಯ ಆಚೆಗಿನ ಹೊಸ ಬ್ಲಾಕಿಗೆ ಹೋಗಬೇಕಂತೆ. ಕರಾರಿನ ಪ್ರಕಾರ ನಮ್ಮನ್ನು ಕೇಳಲೇಬೇಕು. ಅರ್ಧಕ್ಕಿಂತ ಹೆಚ್ಚು ಮನೆಯವರು ಬೇಡವೆಂದರೆ ಕೆಡವುವ ಹಾಗಿಲ್ಲ. ಕೇಳುವುದಕ್ಕಾಗಿ ಒಂದು ವೆಬ್ ಪುಟ ಮಾಡಿದ್ದಾರೆ. ಮನೆಗೊಂದು ಉತ್ತರ. ಒಮ್ಮೆ ಒತ್ತಿದರೆ ಬದಲಿಸುವಂತಿಲ್ಲ. ಕಟ್ಟಡ ಉಳಿದರೂ ಒಪ್ಪಿದವರು ಮನೆ ಬಿಡಲೇಬೇಕು. ತಿಂಗಳ ಕೊನೆಯೊಳಗೆ ಒತ್ತದವರು ಒಪ್ಪಿದಂತೆ.

ಎಲ್ಲರೂ ಫೋನಿನಲ್ಲಿ ಪುಟ ತೆರೆದರು. ಹಸಿರು ಬಟನ್ ಒಂದೇ: ‘ಒಪ್ಪಿದ್ದೇನೆ.’ ಪಕ್ಕದ ಮನೆಯ ದರ್ಜಿ ಪುಟವನ್ನು ಮೇಲಕ್ಕೆ ಕೆಳಕ್ಕೆ ಎಳೆದಾಡಿ, ಕೊನೆಗೆ ಅದನ್ನೇ ಒತ್ತಿಬಿಟ್ಟ. ಯಾಕೆ ಎಂದು ಕೇಳಿದ್ದಕ್ಕೆ, “ಇನ್ನೊಂದು ಇಲ್ವಲ್ಲಮ್ಮ, ಇರೋದನ್ನ ಒತ್ತಿದೆ” ಎಂದ.

ಆಮೇಲೆ ಅಪ್ಪ ತಮ್ಮ ಫೋನು ತೆಗೆದರು. ಕಣ್ಣು ಹೋದಾಗಿನಿಂದ ಅವರ ಫೋನು ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದೆಂಬುದು ನಿನಗೆ ಗೊತ್ತು. ಹಾಗೆ ಮಾಡಿಕೊಟ್ಟವಳೇ ನೀನು. ಅವರು ಕಿವಿಯ ಹತ್ತಿರ ಹಿಡಿದು ಕೇಳಿ, “ಎರಡು ಇದಾವಲ್ಲ” ಎಂದರು.

“ಯಜಮಾನ್ರೇ, ನನಗೆ ಕಣ್ಣಿದೆ. ಒಂದೇ ಇರೋದು” ಎಂದ ದರ್ಜಿ.

“ನನಗೆ ಕಿವಿ ಇದೆ. ಎರಡು.”

ಪುಟದ ಹಿಂದಿರುವ ಕೋಡನ್ನು ತೆರೆದು ನೋಡಿದೆ. ಬರಹದಲ್ಲಿ ‘ಒಪ್ಪಿದ್ದೇನೆ’, ‘ಒಪ್ಪುವುದಿಲ್ಲ’ ಎರಡೂ ಒಂದರ ಪಕ್ಕ ಒಂದು ಇವೆ. ಯಾವುದು ಎಲ್ಲಿ ಕೂರಬೇಕೆಂದು ಹೇಳುವ ಸ್ಟೈಲ್‌ಶೀಟ್‌ನಲ್ಲಿ ಮಾತ್ರ ಎರಡನೆಯದಕ್ಕೆ ಪ್ರತ್ಯೇಕ ಅಪ್ಪಣೆ: ಎಡ ಅಂಚಿನಿಂದ ಹತ್ತು ಸಾವಿರ ಪಿಕ್ಸೆಲ್ ಆಚೆ ಹೋಗಿ ನಿಲ್ಲು. ಪರದೆ ಕೆಲವೇ ನೂರು ಪಿಕ್ಸೆಲ್, ಅಂಗೈ ಅಗಲ. ಬಟನ್ನು ಬೀದಿಯ ಆ ತುದಿಗೆ.

ಬರೆದವರು ಯಾರೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಪುಟದಲ್ಲಿ ಒಂದಕ್ಕೊಂದರ ನಡುವೆ ಬಿಟ್ಟ ಅಂತರಗಳೆಲ್ಲ ಏಳು, ಹದಿನಾಲ್ಕು, ಇಪ್ಪತ್ತೊಂದು ಪಿಕ್ಸೆಲ್. ಈ ಕಸುಬಿನವರು ಎಂಟರ ಲೆಕ್ಕದಲ್ಲಿ ಅಳೆಯುತ್ತಾರೆ. ಏಳರಲ್ಲಿ ಅಳೆಯುವ ಹಟಮಾರಿ ಒಬ್ಬಳೇ. ಊಟದ ಮೇಜಿನ ಮೇಲೆ ನನಗೆ ಈ ವಿದ್ಯೆ ಕಲಿಸಿದವಳು. ನೀನು ಕಲಿಸಿದ್ದರಿಂದಲೇ ಇವತ್ತು ನಾನು ಬಾಡಿಗೆದಾರರ ಸಂಘದ ಪುಟ ಮಾಡುತ್ತೇನೆ, ನಿನ್ನ ಕೈಚಳಕವನ್ನೂ ಹಿಡಿಯುತ್ತೇನೆ.

ಹೆತ್ತ ಅಪ್ಪನ ಮನೆಯನ್ನು ನಾಜೂಕಾಗಿ ಪುಟದಾಚೆ ತಳ್ಳಿದ್ದೀಯ. ಆ ಸಾಲು ತೆಗೆ.

ಇಂತಿ,
ನಿನ್ನ ತಂಗಿ ಎನ್ನಲು ಈ ವಾರ ನಾಚುತ್ತಿರುವವಳು


ಏಪ್ರಿಲ್ ೬

ತಂಗಿಗೆ,

ಕಾಗದ ಹರಿಯಲಿಲ್ಲ. ಎರಡು ಸಲ ಓದಿದೆ, ಎರಡನೆಯ ಸಲ ನಗು ಬಂತು. ಕರಪತ್ರ ಓದಿ ಓದಿ ನಿನಗೆ ಎರಡೇ ಬಗೆಯ ಜನ ಕಾಣುತ್ತಾರೆ: ಮೋಸ ಮಾಡುವವರು, ಮೋಸ ಹೋಗುವವರು. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವರು ನಿನ್ನ ಯಾವ ಕರಪತ್ರದಲ್ಲೂ ಇಲ್ಲ.

ನಾನು ಏನನ್ನೂ ಅಳಿಸಿಲ್ಲ. ಕಂಪನಿಯ ವಕೀಲರು ಸಹಿ ಹಾಕಿ ಕೊಟ್ಟಿದ್ದಾರೆ: ಎರಡೂ ಆಯ್ಕೆಗಳು ಮೊದಲ ದಿನದಿಂದಲೂ ಪುಟದಲ್ಲಿವೆ. ಅದು ಸುಳ್ಳಲ್ಲ ಎಂದು ನಿನ್ನ ಕಾಗದವೇ ಸಾಕ್ಷಿ ಹೇಳುತ್ತದೆ. ಬರೆಯುವವರು ಬರೆದರು. ಯಾವುದು ಎಲ್ಲಿರಬೇಕೆಂದು ನಾನು ಹೇಳಿದೆ, ಅಷ್ಟೇ. ನನ್ನ ಕೆಲಸವೇ ಅದು.

ಈಗ ನೀನು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಹೋದ ಚಳಿಗಾಲದಲ್ಲಿ ಅಪ್ಪ ಮೆಟ್ಟಿಲ ಮೇಲೆ ಬಿದ್ದರು. ನೀನು ಸಭೆಯಲ್ಲಿದ್ದೆ. ಎತ್ತಿದವನು ದರ್ಜಿ. ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆಳಗಿನವರೆಗೆ ಕೂತವಳು ನಾನು. ನೀನು ಬಂದೆ, ಕೈಯಲ್ಲಿ ಇನ್ನೂ ಅಂಟು ಮೆತ್ತಿಕೊಂಡಿತ್ತು, ಪೋಸ್ಟರ್ ಅಂಟಿಸಿದ್ದು. ಅಪ್ಪನನ್ನು ಹೇಗಿದ್ದೀರಿ ಎಂದು ಕೇಳುವ ಮೊದಲು ಆಸ್ಪತ್ರೆಯವರ ಜೊತೆ ಜಗಳ ತೆಗೆದೆ.

ಹೊಸ ಬ್ಲಾಕಿನಲ್ಲಿ ಅಪ್ಪನಿಗೆ ನೆಲಮಹಡಿ ಸಿಗುತ್ತದೆ. ನಾನೇ ಹೋಗಿ ನೋಡಿ ಬಂದೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಇದೆ, ಹೊಸ್ತಿಲು ಇಲ್ಲ. ನಿನ್ನ ಘೋಷಣೆ ಗಟ್ಟಿಯಾಗಿರಲಿ ಎಂದು ಕುರುಡು ಮುದುಕರು ದಿನಾ ನಾಲ್ಕು ಮಹಡಿ ಹತ್ತಬೇಕೋ?

ಅವರು ಹಸಿರನ್ನೇ ಒತ್ತಲಿ. ಅವರ ಫೋನು ಮುಟ್ಟಬೇಡ.

ಅಕ್ಕ


ಏಪ್ರಿಲ್ ೧೦

ಅಕ್ಕನಿಗೆ,

‘ಯಾವುದು ಎಲ್ಲಿರಬೇಕೆಂದು ನಾನು ಹೇಳಿದೆ, ಅಷ್ಟೇ.’ ಈ ವಾಕ್ಯವನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಆಳುವವರು ಎಲ್ಲ ಕಾಲಕ್ಕೂ ಆಡಿದ ಮಾತು ಇದೇ. ನಾವು ಯಾರನ್ನೂ ಇಲ್ಲವಾಗಿಸಲಿಲ್ಲ, ಅವರವರ ಜಾಗ ತೋರಿಸಿದೆವು, ಅಷ್ಟೇ. ನಿನ್ನನ್ನು ಮೆಚ್ಚಬೇಕು, ಅವರು ಪುಸ್ತಕಗಟ್ಟಲೆ ಬರೆದು ಮುಚ್ಚಿಟ್ಟದ್ದನ್ನು ಒಂದೇ ಸಾಲಿನಲ್ಲಿ ಹೇಳಿದೆ.

ಅಪ್ಪ ಬಿದ್ದದ್ದು ನಿಜ. ನಾನು ಇಲ್ಲದೆ ಇದ್ದದ್ದೂ ನಿಜ. ಅವರು ಹಿಡಿದ ಮೆಟ್ಟಿಲ ಕಂಬಿ ಗೋಡೆಯಿಂದ ಕಿತ್ತು ಕೈಗೇ ಬಂತು. ಅದನ್ನು ಸರಿಮಾಡಿಸಿ ಎಂದು ಸಂಘದಿಂದ ನಿನ್ನ ಕಂಪನಿಗೆ ಬರೆದು ಬರೆದು ಬೆರಳು ಸವೆಯಿತು. ಇಲ್ಲಿನ ಕಂಬಿ ಕೀಳಲು ಬಿಟ್ಟವರೇ ಅಲ್ಲಿ ಕಂಬಿ ಹಾಕಿದ್ದಾರೆಂದು ಕಣ್ಣೀರು ಸುರಿಸಬೇಕೇ?

ಭಾನುವಾರ ಬೆಳಿಗ್ಗೆ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಎಲ್ಲರನ್ನೂ ಕೂರಿಸಿದೆ. ಅಪ್ಪನ ಫೋನಿನಲ್ಲಿ ಇರುವ ಓದುವ ದನಿ ಎಲ್ಲರ ಫೋನಿನಲ್ಲೂ ಇರುತ್ತದೆ, ಯಾರೂ ಬಳಸುವುದಿಲ್ಲ. ಅದನ್ನು ಹಾಕಿಸಿದೆ. ಒಬ್ಬಳೇ ಹೆಂಗಸು ಅಷ್ಟೂ ಫೋನುಗಳಿಂದ ಹಿಂದೆ ಮುಂದೆ ಮಾತಾಡತೊಡಗಿದಳು. ಮೇಲ್ಮಹಡಿಯ ನರ್ಸಮ್ಮ, “ನಮ್ಮತ್ತೆ ಥರಾನೇ, ಹೇಳಿದ್ದನ್ನೇ ಹೇಳ್ತಾಳೆ” ಎಂದರು. ಅವರತ್ತೆ ಪಕ್ಕದಲ್ಲೇ ಕೂತಿದ್ದರು. “ನಾನು ಹೇಳೋದು ನೀನು ಕೇಳಿದ್ರೆ ಒಂದೇ ಸಲ ಹೇಳ್ತಿದ್ದೆ” ಎಂದರು.

ಆಗ ಎಲ್ಲರ ಕೈಯಿಂದಲೂ ಬಂತು: ‘ಒಪ್ಪುವುದಿಲ್ಲ. ಬಟನ್.’

ಎಲೆಕ್ಟ್ರಿಷಿಯನ್ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ. “ಕಾಣ್ದೆ ಇರೋದನ್ನ ಒತ್ತೋದು ಹೆಂಗೆ?”

“ದಿನಾ ನಾನು ಒತ್ತೋದು ಅದನ್ನೇ ಅಲ್ವೇನೋ” ಎಂದರು ಅಪ್ಪ. “ಬೆರಳಲ್ಲಿ ಬಲಕ್ಕೆ ಸವರು, ಅವಳು ಮುಂದಿನದಕ್ಕೆ ಹೋಗ್ತಾಳೆ. ಬೇಕಾದ್ದು ಹೇಳಿದ ಕೂಡ್ಲೆ ಎಲ್ಲಾದ್ರೂ ಎರಡು ಸಲ ತಟ್ಟು. ಗುರಿ ಇಡಬೇಡ, ಕೇಳು.”

ಒಬ್ಬೊಬ್ಬರಾಗಿ ತಟ್ಟಿದರು. ದರ್ಜಿಯೂ ತಟ್ಟಿದ. ‘ನಿಮ್ಮ ಉತ್ತರ ಈಗಾಗಲೇ ದಾಖಲಾಗಿದೆ’ ಎಂದಳು ಅವಳು. ಅವನು ಫೋನನ್ನು ಜೇಬಿಗೆ ಹಾಕಿಕೊಂಡು, “ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು. ಇದಕ್ಕೆ ಬಿಚ್ಚೋದೂ ಇಲ್ವಾ” ಎಂದು ಕೇಳಿದ. ಅವನ ಮನೆ ಹೋಯಿತು. ನಿನ್ನ ಕೈಯಿಂದ ಹೋಯಿತು.

ಭಾನುವಾರ ಮನೆಯಲ್ಲಿ ಇಲ್ಲದವರು, ಬರಲು ಹೆದರಿದವರು ಇನ್ನೂ ಇದ್ದಾರೆ. ಅವರ ಬಾಗಿಲು ತಟ್ಟುತ್ತಿದ್ದೇನೆ. ಅಪ್ಪ ಇನ್ನೂ ಒತ್ತಿಲ್ಲ. ಅವರ ಉತ್ತರ ಯಾವುದೆಂದು ನಾನು ಕೇಳಬೇಕಾಗಿಯೂ ಇಲ್ಲ.

ಇಂತಿ,
ಅಂಟು ಮೆತ್ತಿದ ಕೈಯವಳು


ಏಪ್ರಿಲ್ ೧೫

ತಂಗಿಗೆ,

ನಿನ್ನ ಸಭೆ ಯಶಸ್ವಿಯಾಯಿತು, ಅಭಿನಂದನೆ. ಇಂದು ಮ್ಯಾನೇಜರ್ ನನ್ನನ್ನು ಗಾಜಿನ ಕೋಣೆಗೆ ಕರೆದರು. “ಕಾಣದೆ ಇರೋ ಬಟನ್ನನ್ನ ಜನ ಒತ್ತುತಿದಾರಲ್ಲ ಮೇಡಂ, ಗಾಳಿ ಬಂದು ಒತ್ತತಾ?” ಎಂದು ಕೇಳಿದರು. ಓದುವ ದನಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಬರುವ ಸೋಮವಾರದೊಳಗೆ ಅದನ್ನೂ ಮುಚ್ಚಬೇಕೆಂದು ಅಪ್ಪಣೆಯಾಗಿದೆ.

ನೀನು ದೊಡ್ಡ ಪತ್ತೇದಾರಿಣಿ. ಏಳರ ಲೆಕ್ಕ ಹಿಡಿದು ನನ್ನನ್ನು ಕಂಡುಹಿಡಿದೆ. ಎದುರಿಗಿದ್ದದ್ದು ಕಾಣಲಿಲ್ಲ. ಒಂದು ವಸ್ತುವನ್ನು ಮರೆಮಾಡಲು ಸ್ಟೈಲ್‌ಶೀಟ್‌ನಲ್ಲಿ ಎರಡು ದಾರಿ ಇವೆ ಎಂದು ನಿನಗೆ ಕಲಿಸಿದ್ದೆ. ಒಂದು, ಇದನ್ನು ಪುಟದಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳಬೇಡ ಎನ್ನುವುದು. ಆಗ ಅದು ಕಣ್ಣಿಗೂ ಇಲ್ಲ, ಓದುವ ದನಿಗೂ ಇಲ್ಲ. ಇನ್ನೊಂದು, ಅಂಚಿನ ಆಚೆ ನಿಲ್ಲಿಸುವುದು. ಕಣ್ಣಿಗೆ ಇಲ್ಲ, ಕಿವಿಗೆ ಇದೆ. ಕಣ್ಣಿಗೆ ಬೀಳಬಾರದು ಎಂದಷ್ಟೇ ನನಗೆ ಹೇಳಿದ್ದರು. ಮೊದಲನೆಯದು ಸುಲಭ. ನಾನು ಎರಡನೆಯದನ್ನು ಬರೆದೆ. ಯಾಕೆಂದು ನೀನು ಕೇಳಲಿಲ್ಲ.

ಅಪ್ಪ ಹಸಿರನ್ನು ಒತ್ತಲಿ ಎಂದು ನನ್ನ ಆಸೆ. ಆದರೂ ಇನ್ನೊಂದು ಇದೆಯೆಂದು ತಿಳಿದು ಒತ್ತಲಿ ಎಂದು ಆ ಕಿಂಡಿ ಬಿಟ್ಟೆ. ಅದನ್ನು ನೀನು ಮೆಟ್ಟಿಲ ಮೇಲೆ ಕೂತು ಊರಿಗೆಲ್ಲ ಸಾರಿದೆ. ಇನ್ನೂ ಅರ್ಧದಷ್ಟು ಮನೆಯವರೂ ‘ಒಪ್ಪುವುದಿಲ್ಲ’ ಒತ್ತಿಲ್ಲ, ಆಗಲೇ ಕಿಂಡಿ ಮುಚ್ಚುವ ಹೊತ್ತು ಬಂತು. ಮುಚ್ಚುವವಳು ನಾನೇ. ಇದು ನೀನು ಗೆದ್ದ ಹೋರಾಟ.

ಅಕ್ಕ


ಏಪ್ರಿಲ್ ೧೮

ಅಕ್ಕನಿಗೆ,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಹಿಂದಿನವನ್ನೂ ಓದಿದೆ. ನನಗೆ ಮುಚ್ಚಿಡುವ ವಿದ್ಯೆ ಒಲಿಯಲಿಲ್ಲ.

ನಿನ್ನ ಕಿಂಡಿಗಾಗಿ ಕೃತಜ್ಞತೆ ಹೇಳುತ್ತೇನೆಂದು ಕಾದಿದ್ದರೆ ಕಾಯುತ್ತಿರು. ಕಟ್ಟಡ ತುಂಬ ಜನ. ಅದರಲ್ಲಿ ಒಬ್ಬರಿಗೆ ಮಾತ್ರ ನಿಜ ಕೇಳಿಸುವ ಹಾಗೆ ಮಾಡಿದೆ, ಅವರು ನಿನ್ನ ಅಪ್ಪ. ಉಳಿದವರ ತಪ್ಪು ಏನು? ಅವರಿಗೆ ಕಣ್ಣಿರುವುದೇ? ಅಪ್ಪನನ್ನು ಎತ್ತಿದ ದರ್ಜಿಗೆ ಒಂದು ಕಿಂಡಿ ಯಾಕೆ ಇರಲಿಲ್ಲ? ತನ್ನವರಿಗೆ ಮಾತ್ರ ಬಿಡುವ ಕಿಂಡಿಗೆ ಪ್ರೀತಿ ಎಂದು ನೀನು ಹೆಸರಿಡಬಹುದು. ನಾನು ಓದಿದ ಕರಪತ್ರಗಳಲ್ಲಿ ಅದಕ್ಕೆ ಬೇರೆ ಹೆಸರಿದೆ, ಕಾಗದದಲ್ಲಿ ಬರೆಯುವುದಿಲ್ಲ.

ಹೌದು, ನಾನು ಸಾರಿದೆ. ಮತ್ತೆ ಸಾರುತ್ತೇನೆ. ಗುಟ್ಟಾಗಿ ಇಟ್ಟುಕೊಂಡರೆ ಮಾತ್ರ ಉಳಿಯುವ ನ್ಯಾಯ ನನಗೆ ಬೇಡ.

ಸೋಮವಾರ ನೀನು ಆ ಕಡತ ತೆರೆಯುತ್ತೀಯ. ಹೊಸ ಸಾಲು ಬರೆಯುವ ಬದಲು ಹಳೆಯ ಸಾಲು ಅಳಿಸು. ಬರೆಯುವುದಕ್ಕೂ ಅಳಿಸುವುದಕ್ಕೂ ಹಿಡಿಯುವ ಹೊತ್ತು ಒಂದೇ. ಅಳಿಸದಿದ್ದರೆ ನಮ್ಮ ಮನೆಗೆ ಬರಬೇಡ. ಮನೆ ಇರುವುದೂ ಇಲ್ಲ, ಬಿಡು.

ತಂಗಿ


ಏಪ್ರಿಲ್ ೨೦

(ಬರೆದುಕೊಳ್ಳುತ್ತಿರುವವನು ಪಕ್ಕದ ಮನೆಯ ದರ್ಜಿ. ಯಜಮಾನರು ಹೇಳಿದ ಹಾಗೆಯೇ, ಕತ್ತರಿ ಆಡಿಸದೆ.)

ದೊಡ್ಡವಳಿಗೂ ಚಿಕ್ಕವಳಿಗೂ,

ಇಬ್ರಿಗೂ ಒಂದೇ ಕಾಗದ. ದರ್ಜಿ ಎರಡು ಸಲ ಬರೀತಾನೆ. ಒಂದನ್ನ ಪೋಸ್ಟಿಗೆ ಹಾಕ್ತಾನೆ, ಇನ್ನೊಂದನ್ನ ಚಿಕ್ಕವಳ ತಟ್ಟೆ ಪಕ್ಕ ಇಡ್ತಾನೆ. ಎದುರಿಗೇ ಇದೀಯಲ್ಲ, ಬಾಯಲ್ಲಿ ಹೇಳಬಾರದಾ ಅಂತ ಕೇಳಬೇಡ. ಬಾಯಲ್ಲಿ ಹೇಳಿದ್ರೆ ನೀನು ಅರ್ಧಕ್ಕೇ ಭಾಷಣ ಶುರು ಮಾಡ್ತೀಯ.

ನೀವು ಬರ್ಕೊಂಡಿದ್ದನ್ನೆಲ್ಲ ಚಿಕ್ಕವಳು ಓದಿ ಹೇಳಿದ್ಲು, ಬೈಗುಳ ಬಂದಲ್ಲಿ ದನಿ ಏರಿಸಿ. ಕೇಳಿ ಸಾಕಾಯ್ತು.

ದೊಡ್ಡವಳೇ, ನನಗೊಬ್ಬನಿಗೆ ಕೇಳೋ ಹಾಗೆ ಇಟ್ಟೆಯಂತೆ. ಮನಸ್ಸಿಟ್ಟೇ ಮಾಡಿದೀಯ, ಗೊತ್ತು. ಆದ್ರೆ ದರ್ಜಿಗೆ ಒಂದು ತೋರ್ಸಿ ನನಗೆ ಎರಡು ಹೇಳಿದ್ರೆ, ನಾನು ಅವನೆದುರು ಕೂತು ಚಹಾ ಕುಡಿಯೋದು ಹೆಂಗೆ? ಇದನ್ನ ಬರೆಯಲ್ಲ ಅಂತ ಮುಖ ತಿರುಗಿಸ್ತಿದಾನೆ. ಬರಿಯೋ. ಜೀವಮಾನವೆಲ್ಲ ಬೀರು ಮಾಡಿದವನು ನಾನು. ಗಿರಾಕಿಗೆ ಹೇಳದೆ ಕಳ್ಳಖಾನೆ ಇಟ್ಟವನಲ್ಲ.

ಚಿಕ್ಕವಳೇ, ನಾನು ಏನು ಒತ್ತುತೀನಿ ಅಂತ ನಿನಗೆ ಹೇಳಿದೋರು ಯಾರು? ನನ್ನ ಮೊಣಕಾಲು ನಿನ್ನ ಸಂಘಕ್ಕೆ ಸದಸ್ಯ ಆಗಿಲ್ಲ. ದರ್ಜಿ ಹೋಗೋದು ಖಾಯಂ ಆಯ್ತು. ಅವನು ಹೋದ್ರೆ ನನಗೆ ಪೇಪರ್ ಓದೋರು ಯಾರು? ನೀನು ಓದ್ತೀಯ ಅಂತೀಯ. ನೀನು ಪೇಪರ್ ಓದಲ್ಲ ಮಗಳೇ, ಪೇಪರಿಗೆ ಬೈತೀಯ.

ನೀವಿಬ್ರೂ ನನ್ನನ್ನ ನಿಮಗೆ ಬೇಕಾದ ಕಡೆ ಇಟ್ಟು ನೋಡ್ತಿದೀರ. ನಾನು ಕುರ್ಚಿ ಅಲ್ಲ.

ಎರಡೂ ಬಟನ್ ಎಲ್ರ ಕಣ್ಣಿಗೂ ಪಕ್ಕಪಕ್ಕ ಕಾಣೋ ತನಕ ನಾನು ಯಾವುದನ್ನೂ ಮುಟ್ಟಲ್ಲ. ಒತ್ತದಿದ್ರೆ ಒಪ್ಪಿದ ಹಾಗೆ ಹಿಡೀತಾರಂತೆ, ಹಿಡೀಲಿ. ಹೋಗೋದಾದ್ರೆ ಹೂಂ ಅಂತ ನಾನೇ ಹೇಳಿ ಹೋಗಬೇಕು. ಇರೋದಾದ್ರೂ ಊಹೂಂ ಅಂತ ನಾನೇ ಹೇಳಿ ಇರಬೇಕು.

ಅಪ್ಪ

(ನನ್ನ ಮಾತು ಎರಡು. ದೊಡ್ಡಮ್ಮಾವ್ರೇ, ನನಗೆ ನಿಮ್ಮ ಮೇಲೆ ಸಿಟ್ಟಿದೆ. ಯಜಮಾನರ ಕೋಟಿನ ತೋಳು ಸರಿ ಮಾಡಿಟ್ಟಿದ್ದೇನೆ. ದರ್ಜಿ.)


ಏಪ್ರಿಲ್ ೨೪

ತಂಗಿಗೆ,

ನಿನಗಾಗಿ ಮಾಡಿದೆನೆಂದು ತಿಳಿಯಬೇಡ. ನಿನ್ನ ಕಾಗದ ಒಂದೇ ಬಂದಿದ್ದರೆ ಹೊಸ ಸಾಲು ಬರೆದು, ಊಟ ಮಾಡಿ, ಮನೆಗೆ ಹೋಗುತ್ತಿದ್ದೆ.

ಸೋಮವಾರ ಕಡತ ತೆರೆದು ಆ ಸಾಲು ಅಳಿಸಿದೆ. ಅಂಚಿನ ಆಚೆ ನಿಂತದ್ದನ್ನು ಎಳೆದು ತರಬೇಕಿಲ್ಲ. ತಡೆದ ಮಾತು ಹೋದರೆ ಸಾಕು, ಬರಹದಲ್ಲಿ ತನಗಿದ್ದ ಜಾಗಕ್ಕೆ ತಾನೇ ಬಂದು ನಿಲ್ಲುತ್ತದೆ. ಹಸಿರಿನ ಪಕ್ಕದಲ್ಲಿ, ಅದೇ ಎತ್ತರ, ಅದೇ ಅಗಲ. ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿ, “ಮುಗೀತಾ ಮೇಡಂ?” ಎಂದರು. “ಮುಗೀತು” ಎಂದೆ. ಅವರು ನೋಡಲಿಲ್ಲ. ತಾವು ಹೇಳಿದ್ದನ್ನು ನಾನು ಮಾಡುವವಳೆಂದು ಅವರಿಗೆ ಅಷ್ಟು ನಂಬಿಕೆ.

ಮಾರನೆಯ ದಿನ ಗೊತ್ತಾಯಿತು. ಕೂಗಾಟ ನಡೆಯಿತು. ಮತ್ತೆ ಮರೆಮಾಡಿ ಎಂದು ಮ್ಯಾನೇಜರ್, ಆಗುವುದಿಲ್ಲ ಎಂದು ವಕೀಲರು. ಮೊದಲ ದಿನದಿಂದಲೂ ಪುಟದಲ್ಲಿದೆ ಎಂದು ಸಹಿ ಹಾಕಿದ್ದಾರಲ್ಲ. ಜನರೆಲ್ಲ ಕಂಡಮೇಲೆ ಈಗ ಮಾಯವಾದರೆ ಆ ಸಹಿ ಅವರ ಕೊರಳಿಗೇ ಬರುತ್ತದೆ. ಬಟನ್ ಉಳಿಯಿತು. ನಾನು ಉಳಿಯಲಿಲ್ಲ. ಕಾವಲಿನವನು ಗೇಟಿನವರೆಗೆ ಜೊತೆಗೆ ಬಂದ. ನನ್ನ ಕೈಯಲ್ಲಿ ಒಂದು ಲೋಟ, ಒಂದು ಹೂಕುಂಡ. ಲೋಟ ನನ್ನದೇ ತಾನೆ ಎಂದು ಕೇಳಿ ಖಾತ್ರಿ ಮಾಡಿಕೊಂಡ.

ನಾನು ಹೊರಬೀಳುವವರೆಗೆ ಅಪ್ಪನ ಮನೆಯಿಂದ ಉತ್ತರ ಬಂದಿರಲಿಲ್ಲ.

ಇನ್ನೊಂದು ಮಾತು. ನನ್ನ ಕಥೆಯನ್ನು ನಿನ್ನ ಸಂಘದ ಪುಟದಲ್ಲಿ ಹಾಕಬೇಡ. ನಾನು ನಿಮ್ಮ ಕಡೆಗೆ ಬಂದವಳಲ್ಲ. ನನ್ನನ್ನು ಎಲ್ಲಿಡಬೇಕೆಂದು ನಿನ್ನನ್ನು ಯಾರೂ ಕೇಳಿಲ್ಲ.

ಅಕ್ಕ


ಮೇ ೨

ಅಕ್ಕನಿಗೆ,

ನಿನ್ನ ಕಥೆಯನ್ನು ಹಾಕಿಲ್ಲ. ಹಾಕಲು ಬರೆದಿದ್ದೆ, ಅಪ್ಪ ತೆಗೆಸಿದರು.

ಕಟ್ಟಡ ಉಳಿಯಿತು. ಅರ್ಧ ದಾಟಿ ನಾಲ್ಕು ಮನೆ ಹೆಚ್ಚು ಬಂತು. ನರ್ಸಮ್ಮನ ಅತ್ತೆ ಮೆಟ್ಟಿಲ ಮೇಲೆ ನಿಂತು ಕೆಳಗಿನವರೆಗೆ ಕೇಳುವ ಹಾಗೆ ಕೂಗಿ ಹೇಳಿದರು. ಎಲೆಕ್ಟ್ರಿಷಿಯನ್ ಯಾರಿಗೂ ಹೇಳದೆ ಕಿತ್ತ ಕಂಬಿಯನ್ನು ಗೋಡೆಗೆ ಜಡಿದ. ಒಪ್ಪಿದವರಿಗೆ ಹೊಸ ಬ್ಲಾಕಿನ ಕೀಲಿ ಬಂದಿದೆ. ಅವರು ಬಿಟ್ಟ ಮನೆಗಳು ಕಂಪನಿಗೆ ಹೋಗುತ್ತವೆ.

ಅಪ್ಪ ಒತ್ತಿದ್ದು ಕೊನೆಯ ದಿನ, ಮಧ್ಯಾಹ್ನ. ದರ್ಜಿಯನ್ನು ಕರೆಸಿದರು. “ನಿನ್ನ ಕಣ್ಣಿಗೆ ಎಷ್ಟು ಕಾಣ್ತಿದೆಯೋ?” ಎಂದು ಕೇಳಿದರು.

“ಎರಡು, ಯಜಮಾನ್ರೇ.”

“ಸರಿ ಹಂಗಾದ್ರೆ.”

ಬಲಕ್ಕೆ ಸವರಿದರು, ಎರಡನ್ನೂ ಕೇಳಿಸಿಕೊಂಡರು, ಎಡಕ್ಕೆ ವಾಪಸು ಬಂದು ತಟ್ಟಿದರು. ‘ಒಪ್ಪಿದ್ದೇನೆ’ ಎಂದಳು ಅವಳು.

ಬಾಗಿಲ ಮೇಲಿರುವುದು ಅಪ್ಪನ ಹೆಸರು, ಮನೆಗೊಂದೇ ಉತ್ತರ. ನಾನು ಬಾಗಿಲು ಬಾಗಿಲು ತಟ್ಟಿ ಉಳಿಸಿದ ಕಟ್ಟಡದಲ್ಲಿ ನನಗೆ ಮನೆ ಇಲ್ಲ. ನಕ್ಕುಬಿಡು, ನಿನಗೆ ಹಕ್ಕಿದೆ. ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವರೇ, “ನಿನಗೆ ಬೇಕಾಗಿದ್ದು ಎಲ್ರೂ ನೋಡ್ಕೊಂಡು ಒತ್ತೋದು ತಾನೆ? ನಾನು ನೋಡ್ಕೊಂಡೇ ಒತ್ತಿದೆ” ಎಂದರು. ಇದಕ್ಕೆ ನನ್ನ ಯಾವ ಕರಪತ್ರದಲ್ಲೂ ಉತ್ತರ ಸಿಗಲಿಲ್ಲ. ಹುಡುಕಿದೆ.

ನರ್ಸಮ್ಮ ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮಂಚದ ಜಾಗ ಕೊಡುತ್ತಾರೆ. ನಾನು ಇಲ್ಲೇ ಇರುತ್ತೇನೆ.

ನಿನ್ನನ್ನು ಕ್ಷಮಿಸಿಲ್ಲ. ಬರೆದ ಸಾಲನ್ನು ಅಳಿಸಿದ್ದಕ್ಕೆ ನಿನಗೆ ಕೆಲಸ ಹೋಯಿತು. ಬರೆದದ್ದಕ್ಕೆ ದರ್ಜಿಗೆ ಮನೆ ಹೋಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಬರುವುದಿಲ್ಲ. ನಿನಗೂ ನನ್ನ ಮೇಲಿನ ಸಿಟ್ಟು ಇಳಿದಿರುವುದಿಲ್ಲ. ಇಳಿಸಿಕೊಳ್ಳಬೇಡ.

ಭಾನುವಾರ ಬೆಳಿಗ್ಗೆ ಅಪ್ಪನ ಸಾಮಾನು ಹೋಗುತ್ತದೆ. ಅವರು ಅಮ್ಮನಿಗೆಂದು ಮಾಡಿದ ಬೀರು ದೊಡ್ಡದು, ಒಬ್ಬಳಿಂದ ಆಗುವುದಿಲ್ಲ. ದರ್ಜಿಗೆ ತನ್ನ ಮೆಷಿನ್ನೇ ಸಾಕು. ನೀನು ಬಾ. ಕೆಳಗಿನ ತುದಿ ನಿನಗೆ, ಭಾರವೆಲ್ಲ ಅಲ್ಲೇ ಬೀಳುತ್ತದೆ. ನಾನು ಮೇಲಿನಿಂದ ಹಿಡಿಯುತ್ತೇನೆ. ತಿರುವುಗಳಲ್ಲಿ ಎಡಕ್ಕೆ, ಬಲಕ್ಕೆ, ಎತ್ತು, ಇಳಿಸು ಎನ್ನುತ್ತೇನೆ. ಅದು ಬಿಟ್ಟರೆ ನಿನ್ನ ಜೊತೆ ನನಗೆ ಮಾತಿಲ್ಲ.

ತಂಗಿ